ಚಾಸಿ ಯಾರದು?

ನಾವು ಚಿಕ್ಕವರಿದ್ದಾಗ ಗಂಗಾವತಿಯ ರಸ್ತೆಗಳಲ್ಲಿ ಆಗಾಗ ಒಂದು ವಿಚಿತ್ರ ವಾಹನ ಕಾಣುತ್ತಿತ್ತು. ಅದಕ್ಕೆ ಬಾಗಿಲಿರಲಿಲ್ಲ, ಗಾಜಿರಲಿಲ್ಲ, ಸೂರೂ ಇರಲಿಲ್ಲ. ಮುಂದೆ ಎಂಜಿನ್, ಹಿಂದೆ ಉದ್ದಕ್ಕೆ ಎರಡು ಕಬ್ಬಿಣದ ತೊಲೆ, ಕೆಳಗೆ ಗಾಲಿ, ಅಷ್ಟೆ. ತಲೆಗೆ ಟವೆಲ್ ಸುತ್ತಿಕೊಂಡ ಡ್ರೈವರ್ ಬಿಸಿಲು ಧೂಳಿನಲ್ಲಿ ಬರಿಮೈಯ ಆ ಲಾರಿಯನ್ನು ಓಡಿಸಿಕೊಂಡು ಹೋಗುತ್ತಿದ್ದ. ಅದು ಚಾಸಿ. ಕಂಪನಿಯವರು ಅಷ್ಟನ್ನೇ ಮಾರುತ್ತಿದ್ದರು. ಅದನ್ನು ಕೊಂಡವನು ಯಾವುದಾದರೂ ಗ್ಯಾರೇಜಿಗೆ ಒಯ್ದು ‘ಬಾಡಿ ಕಟ್ಟಿಸಬೇಕು’. ಬಡಗಿ, ವೆಲ್ಡಿಂಗ್‌ನವನು, ತಗಡು ಬಡಿಯುವವನು, ಪೇಂಟರ್ ಎಲ್ಲರ ಕೈ ದಾಟಿದ ಮೇಲೆ ಅದೇ ಚಾಸಿ ಭತ್ತದ ಮೂಟೆ ಹೊರುವ ಲಾರಿಯಾಗಿ, ಹಣೆಯ ಮೇಲೆ ಮನೆದೇವರ ಹೆಸರು ಬರೆಸಿಕೊಂಡು ಹೊರಬೀಳುತ್ತಿತ್ತು.

ಈ ‘ಬಾಡಿ ಕಟ್ಟುವುದು’ ಎಂಬ ಮಾತು ನನಗೆ ಮತ್ತೆ ನೆನಪಾದದ್ದು ಜರ್ಮನಿಯ ಒಂದು ಸಣ್ಣ ಕಾರು ಕಾರ್ಖಾನೆಯ ಬಗ್ಗೆ ಓದುವಾಗ. ಬರ್ಲಿನ್ನಿನ ರೊಮೆಟ್ಶ್ ಎಂಬ ಆ ಸಂಸ್ಥೆಯವರೂ ಬಾಡಿ ಕಟ್ಟುವವರೇ. ಯುರೋಪಿನಲ್ಲಿ ಈ ಕಸುಬು ಕುದುರೆ ಸಾರೋಟಿನ ಕಾಲದ್ದು. ಸಾರೋಟು ಕಟ್ಟುತ್ತಿದ್ದ ಮನೆಗಳೇ ಕಾರು ಬಂದ ಮೇಲೆ ಕಾರಿಗೆ ಮೈ ಕಟ್ಟಲು ತೊಡಗಿದವು. ಎಂಜಿನ್ ಮತ್ತು ಚಾಸಿ ಒಂದು ಕಂಪನಿಯದು, ಮೇಲಿನ ಮೈ ಇನ್ನೊಬ್ಬರ ಕೈಕೆಲಸ. ಎರಡನೇ ಮಹಾಯುದ್ಧದ ನಂತರ ಇಂಥ ಕೆಲವು ಮನೆಗಳು ಸೇರಿ ಜರ್ಮನಿಯಲ್ಲಿ ಕೈಯಿಂದ ಮಾಡಿದ ಸುಂದರ ಸ್ಪೋರ್ಟ್ಸ್ ಕಾರುಗಳ ಒಂದು ಪುಟ್ಟ ಯುಗವನ್ನೇ ತೆರೆದವು. ಹತ್ತು ಹನ್ನೆರಡು ವರ್ಷಗಳಲ್ಲಿ ಆ ಯುಗ ಮುಗಿದೂ ಹೋಯಿತು. ಅದರ ಬಗ್ಗೆ ಬರೆಯುವವರೆಲ್ಲ ಸಾಮಾನ್ಯವಾಗಿ ಒಂದೇ ಕತೆ ಹೇಳುತ್ತಾರೆ. ಕೈ ಸೋತಿತು, ಯಂತ್ರ ಗೆದ್ದಿತು ಎಂಬ ಕತೆ ಅದು. ನಮ್ಮಲ್ಲಿ ನೇಕಾರರ ಬಗ್ಗೆ, ಕಮ್ಮಾರರ ಬಗ್ಗೆ, ಬೊಂಬೆ ಮಾಡುವವರ ಬಗ್ಗೆ ಬರೆಯುವಾಗಲೂ ನಾವು ಹೇಳುವುದು ಇದನ್ನೇ. ನನಗೆ ಈ ಕತೆಯ ಬಗ್ಗೆ ಅನುಮಾನವಿದೆ. ರೊಮೆಟ್ಶ್ ಸಂಸ್ಥೆಯ ವಿಚಾರದಲ್ಲಿ ಅದು ನಿಜವಲ್ಲ. ನಮ್ಮ ಎಷ್ಟೋ ಕಸುಬುಗಳ ವಿಚಾರದಲ್ಲೂ ಅರ್ಧದಷ್ಟು ಮಾತ್ರ ನಿಜ ಎಂದು ನನ್ನ ಎಣಿಕೆ.

ಮೊದಲು ಆ ಕಾರುಗಳನ್ನೇ ನೋಡೋಣ. ಫ್ರೀಡ್ರಿಷ್ ರೊಮೆಟ್ಶ್ ಬರ್ಲಿನ್ನಿನಲ್ಲಿ ತನ್ನ ಕಾರ್ಖಾನೆ ತೆರೆದದ್ದು 1924ರಲ್ಲಿ. ಯುದ್ಧ ಮುಗಿದಾಗ ಆ ನಗರ ಬಹುಪಾಲು ಕಲ್ಲುಮಣ್ಣಿನ ರಾಶಿಯಾಗಿತ್ತು. 1948ರ ಜೂನ್‌ನಿಂದ 1949ರ ಮೇವರೆಗೆ ಪಶ್ಚಿಮ ಬರ್ಲಿನ್‌ಗೆ ರಸ್ತೆ, ರೈಲು ಎಲ್ಲ ಬಂದ್ ಆಗಿ, ಹಿಟ್ಟು ಕಲ್ಲಿದ್ದಲು ಕೂಡ ವಿಮಾನದಲ್ಲಿ ಬರಬೇಕಾಯಿತು. ಅಂಥ ಊರಿನಲ್ಲಿ 1950ರ ಹೊತ್ತಿಗೆ ರೊಮೆಟ್ಶ್ ಒಂದು ತೆರೆದ ಮೈಯ ಸ್ಪೋರ್ಟ್ಸ್ ಕಾರು ಮಾಡಿತು. ಅದರ ಆಕಾರ ಬಿಡಿಸಿದವನು ಯೋಹಾನಸ್ ಬೀಸ್ಕೊ. ಯುದ್ಧಕ್ಕೆ ಮುಂಚೆ ಎರ್ಡ್‌ಮನ್ ಉಂಟ್ ರೊಸಿ ಎಂಬ ಹೆಸರಾಂತ ಬರ್ಲಿನ್ ಸಂಸ್ಥೆಯಲ್ಲಿ ಶ್ರೀಮಂತರ ಕಾರುಗಳಿಗೆ ಮೈ ಕಟ್ಟಿ ಪಳಗಿದ ಕೈ ಅವನದು. ಮರದ ಚೌಕಟ್ಟು, ಅದರ ಮೇಲೆ ಕೈಯಲ್ಲಿ ಬಡಿದು ಬಾಗಿಸಿದ ಅಲ್ಯುಮಿನಿಯಂ ತಗಡು. ಮುಂದೂ ಹಿಂದೂ ಒಂದೇ ಬಾಗಿನಲ್ಲಿ ಇಳಿಯುವ ಆ ಮೈಯನ್ನು ನೋಡಿ ಜನ ಅದಕ್ಕೆ ‘ಬಾಳೆಹಣ್ಣು’ ಎಂದು ಅಡ್ಡಹೆಸರಿಟ್ಟರು. ಬಾಳೆತೋಟಗಳ ಆನೆಗೊಂದಿಯ ಪಕ್ಕದಲ್ಲಿ ಬೆಳೆದ ನನಗೆ ಆ ಹೆಸರು ತಕ್ಷಣ ಹಿಡಿಸಿತು.

ನಾನು ಈ ಕಾರನ್ನು ಫೋಟೊಗಳಲ್ಲಿ ಮಾತ್ರ ನೋಡಿದ್ದೇನೆ. ಅಷ್ಟರಲ್ಲೇ ಒಂದು ಮಾತು ಹೇಳಬಹುದು. ಅದರ ಚೆಲುವು ಅಲಂಕಾರದ್ದಲ್ಲ. ಮುಂದಿನ ಗಾಲಿಯ ಮೇಲಿಂದ ಹೊರಟ ಗೆರೆ ಎಲ್ಲೂ ತಡವರಿಸದೆ ಬಾಗಿಲು ದಾಟಿ ಹಿಂದಕ್ಕೆ ಹೋಗಿ ಇಳಿಯುತ್ತದೆ. ತಗಡು ಬಡಿಯುವವರಿಗೆ ಗೊತ್ತಿರುವಂತೆ ಅತ್ಯಂತ ಕಷ್ಟದ ಕೆಲಸ ಇದೇ. ಮಡಿಕೆ, ಪಟ್ಟಿ, ಕ್ರೋಮಿನ ಅಂಚು ಇದ್ದರೆ ತಪ್ಪು ಮುಚ್ಚಿಕೊಳ್ಳುತ್ತದೆ. ಬರಿಯ ಬಾಗಿನಲ್ಲಿ ಸುತ್ತಿಗೆಯ ಒಂದು ಹೆಚ್ಚಿನ ಏಟು ಕೂಡ ಬೆಳಕಿಗೆ ಹಿಡಿದರೆ ಕಾಣುತ್ತದೆ. 1957ರಲ್ಲಿ ಬಂದ ಅದೇ ಸಂಸ್ಥೆಯ ‘ಲಾರೆನ್ಸ್’ ಮಾದರಿಯಲ್ಲಿ ಈ ಧೈರ್ಯ ಕಾಣುವುದಿಲ್ಲ. ಅಲ್ಲಿ ಅಮೆರಿಕದ ಕಾರುಗಳ ಮೇಲಿನ ಕಣ್ಣು ಎದ್ದು ಕಾಣುತ್ತದೆ, ಬದಿಗಳಲ್ಲಿ ಗೆರೆಗಳು ಹೆಚ್ಚಾಗಿವೆ. ಬೀಸ್ಕೊ ಅಷ್ಟರಲ್ಲಿ ಸಂಸ್ಥೆ ಬಿಟ್ಟಿದ್ದ.

ಆದರೆ ಈ ಚೆಲುವಿನಲ್ಲಿ ಒಂದು ಹುಸಿಯೂ ಇದೆ, ಅದನ್ನು ಹೇಳದೆ ಬಿಡುವುದು ವಿಮರ್ಶೆಯಾಗುವುದಿಲ್ಲ. ಈ ಸ್ಪೋರ್ಟ್ಸ್ ಕಾರಿನ ಕೆಳಗಿದ್ದದ್ದು ಫೋಕ್ಸ್‌ವ್ಯಾಗನ್ ಬೀಟಲ್‌ನ ಚಾಸಿ. ನಡುವೆ ಬೆನ್ನೆಲುಬಿನಂಥ ಒಂದು ಕೊಳವೆ, ಎರಡೂ ಕಡೆ ಚಪ್ಪಟೆ ತಗಡಿನ ತಳ, ಹಿಂದುಗಡೆ ಗಾಳಿಯಿಂದ ತಣ್ಣಗಾಗುವ ಎಂಜಿನ್. ಆಗ ಅದರ ಶಕ್ತಿ 25 ಕುದುರೆ, 1954ರಿಂದ 30. ಜನಸಾಮಾನ್ಯರು ಮಕ್ಕಳು ಮರಿಗಳನ್ನು ಕೂರಿಸಿಕೊಂಡು ಹೋಗಲೆಂದು ಮಾಡಿದ ಕಾರು ಅದು. ಅದರ ಮೇಲೆ ಓಟದ ಕಾರಿನ ಮೈ ಹೊದಿಸಿದರೆ ಓಟ ಬರುವುದಿಲ್ಲ. ಮೈ ನೂರೈವತ್ತು ಕಿಲೋಮೀಟರಿನ ವೇಗ ಹೇಳುತ್ತದೆ, ಗಾಲಿ ನೂರರ ಆಸುಪಾಸಿನಲ್ಲೇ ಉಸಿರು ಬಿಡುತ್ತದೆ. ರೂಪ ಒಂದು ಹೇಳಿ ವಸ್ತು ಇನ್ನೊಂದು ಹೇಳುವ ಕವಿತೆಗಳನ್ನು ನಾವು ಹೇಗೆ ಓದುತ್ತೇವೋ ಈ ಕಾರನ್ನೂ ಹಾಗೆ ಓದಬೇಕು. ಮೆಚ್ಚಬಹುದು, ಮರುಳಾಗಬಾರದು.

ಈಗ ಚಾಸಿಯ ಪ್ರಶ್ನೆಗೆ ಬರುತ್ತೇನೆ. ನಮ್ಮ ಲಾರಿ ಮಾಲೀಕ ಶೋರೂಮಿಗೆ ಹೋಗಿ ಬರಿ ಚಾಸಿ ಕೊಳ್ಳಬಹುದಿತ್ತು. ರೊಮೆಟ್ಶ್‌ಗೆ ಆ ಭಾಗ್ಯವಿರಲಿಲ್ಲ. 1948ರಿಂದ ಫೋಕ್ಸ್‌ವ್ಯಾಗನ್ ಸಂಸ್ಥೆಯನ್ನು ನಡೆಸುತ್ತಿದ್ದ ಹೈನ್ಸ್ ನೋರ್ಡ್‌ಹೋಫ್ ಇಂಥ ಸಣ್ಣ ಕಾರ್ಖಾನೆಗಳಿಗೆ ಬರಿ ಚಾಸಿ ಕೊಡಲು ಒಪ್ಪಲಿಲ್ಲ. ಹಾಗಾಗಿ ರೊಮೆಟ್ಶ್‌ನವರು ಇಡೀ ಬೀಟಲ್ ಕಾರನ್ನೇ ಕೊಂಡು ತಂದು, ಅದರ ಹೊಚ್ಚಹೊಸ ಮೈಯನ್ನು ಬಿಚ್ಚಿ ತೆಗೆದು, ಆಮೇಲೆ ತಮ್ಮ ಮೈ ಕಟ್ಟಬೇಕಾಯಿತು. ಒಂದು ಮನೆ ಕಟ್ಟಲು ಇನ್ನೊಂದು ಹೊಸ ಮನೆ ಕೊಂಡು, ಗೋಡೆ ಕೆಡವಿ, ತಳಪಾಯ ಮಾತ್ರ ಉಳಿಸಿಕೊಂಡ ಹಾಗೆ. ಕೊಳ್ಳುವವನು ಎರಡು ಮೈಗೆ ಹಣ ಕೊಡಬೇಕು, ಒಂದು ಮೈಯಲ್ಲಿ ಕೂರಬೇಕು. ಎಲ್ಲ ಮಾದರಿ ಸೇರಿಸಿದರೂ ರೊಮೆಟ್ಶ್ ಮಾಡಿದ್ದು ಕೆಲವೇ ನೂರು ಕಾರು.

ನೋರ್ಡ್‌ಹೋಫ್‌ನನ್ನು ಇಲ್ಲಿ ಖಳನಾಯಕ ಮಾಡುವುದು ಸುಲಭ, ಆದರೆ ಅದು ನ್ಯಾಯವಲ್ಲ. ಯುದ್ಧದ ಹಾಳಿನಿಂದ ಎದ್ದ ಕಾರ್ಖಾನೆ ಅದು. ಮಾಡಿದಷ್ಟೂ ಕಾರು ಮಾರಾಟವಾಗುತ್ತಿದ್ದ ಕಾಲ. ಹೊರಗೆ ಹೋದ ಒಂದೊಂದು ಚಾಸಿಯೂ ತನ್ನ ಒಂದು ಕಾರಿನ ನಷ್ಟ ಎಂಬುದು ಅವನ ಕಡೆಯ ಲೆಕ್ಕವಾಗಿರಬಹುದು. ಬೇರೆಯವರು ಕಟ್ಟಿದ ಮೈ ಕೆಟ್ಟರೆ ಹೆಸರು ಕೆಡುವುದು ತನ್ನದೇ ಎಂಬ ಅಳುಕೂ ಸಹಜ. 1955ರ ಆಗಸ್ಟ್ ಹೊತ್ತಿಗೆ ಅವನ ಕಾರ್ಖಾನೆ ಹತ್ತು ಲಕ್ಷದ ಬೀಟಲ್ ಹೊರತಂದಿತ್ತು. ಅಂಥವನ ಲೆಕ್ಕದಲ್ಲಿ ಬರ್ಲಿನ್ನಿನ ಒಂದು ಗ್ಯಾರೇಜಿನ ಕೆಲವು ನೂರು ಕಾರು ಯಾವ ಗಿನತಿ?

ಆದರೆ ಅದೇ 1955ರಲ್ಲಿ ಆದ ಇನ್ನೊಂದು ಸಂಗತಿ ‘ಕೈ ಸೋತಿತು’ ಎಂಬ ಕತೆಯನ್ನು ಸುಳ್ಳು ಮಾಡುತ್ತದೆ. ಆ ವರ್ಷ ಫೋಕ್ಸ್‌ವ್ಯಾಗನ್ ತನ್ನದೇ ಹೆಸರಿನಲ್ಲಿ ಒಂದು ಚೆಲುವಿನ ಕಾರನ್ನು ಮಾರುಕಟ್ಟೆಗೆ ಬಿಟ್ಟಿತು, ಕಾರ್ಮನ್ ಗಿಯಾ. ಆಕಾರ ಇಟಲಿಯ ಟ್ಯೂರಿನ್ ನಗರದ ಗಿಯಾ ಸಂಸ್ಥೆಯದು, ಮೈ ಕಟ್ಟುತ್ತಿದ್ದದ್ದು ಓಸ್ನಾಬ್ರುಕ್ ನಗರದ ಕಾರ್ಮನ್. ಇದರ ಅಡಿಯಲ್ಲೂ ಬೀಟಲ್‌ನ ಯಂತ್ರವೇ, ಇದೂ ಓಡದ ಓಟದ ಕಾರೇ. ಇದರ ಮೈ ಯಂತ್ರದಿಂದ ಠಕ್ಕೆಂದು ಅಚ್ಚೊತ್ತಿ ಬಂದದ್ದಲ್ಲ. ಮೂತಿಯ ಭಾಗವನ್ನು ಹಲವು ತುಂಡುಗಳಲ್ಲಿ ಮಾಡಿ, ಬೆಸೆದು, ಬೆಸುಗೆಯ ಗೆರೆಗಳನ್ನು ಮೆದು ಲೋಹದಿಂದ ತುಂಬಿ, ಕೆಲಸಗಾರರು ಕೈಯಲ್ಲಿ ಅರ ಹಿಡಿದು ತಿಕ್ಕಿ ನುಣುಪು ಮಾಡುತ್ತಿದ್ದರು. ಹಾಗೆ ಕೈಯಿಂದ ತಿಕ್ಕಿದ ಕಾರುಗಳು 1974ರವರೆಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಬಂದವು. ಬೀಸ್ಕೊ ರೊಮೆಟ್ಶ್ ಬಿಟ್ಟು ಹೋದದ್ದೂ ಈ ಕಾರ್ಮನ್ ಸಂಸ್ಥೆಗೇ. ಅಂದರೆ ಬರ್ಲಿನ್ನಿನಲ್ಲಿ ಸೋತ ಕೈಯೇ ಓಸ್ನಾಬ್ರುಕ್‌ನಲ್ಲಿ ಕೆಲಸಕ್ಕೆ ನಿಂತಿತು. ಎರಡು ಕಡೆಯ ವ್ಯತ್ಯಾಸ ಬರೀ ಕುಶಲತೆಯಲ್ಲಿ ಇರಲಿಲ್ಲ. ಅಚ್ಚು, ಪ್ರೆಸ್ಸು, ಬಂಡವಾಳ ಕಾರ್ಮನ್‌ಗೆ ಹೆಚ್ಚು ಇದ್ದವು ನಿಜ. ಆದರೆ ಅವನ್ನು ಹೂಡುವ ಧೈರ್ಯ ಬರುವುದು ಚಾಸಿ ಬಾಗಿಲಿಗೆ ಬಂದು ನಿಲ್ಲುತ್ತದೆ ಎಂಬ ಒಪ್ಪಂದ ಕೈಯಲ್ಲಿದ್ದಾಗ ಮಾತ್ರ.

ಆ ಕಾಲದ ಉಳಿದ ಹೆಸರುಗಳನ್ನೂ ಹೀಗೇ ಓದಬಹುದು. ಸ್ಟುಟ್‌ಗಾರ್ಟ್‌ನ ಡಾನೆನ್‌ಹೌವರ್ ಉಂಟ್ ಸ್ಟೌಸ್ ಎಂಬ ಮಾವ-ಅಳಿಯರ ಕಾರ್ಖಾನೆ ಬೀಟಲ್‌ನ ತಳದ ಮೇಲೆಯೇ ಬಹಳ ಅಚ್ಚುಕಟ್ಟಾದ ಕಾರುಗಳನ್ನು ಕಟ್ಟಿ 1950ರ ದಶಕ ಮುಗಿಯುವ ಮೊದಲೇ ಕೆಲಸ ನಿಲ್ಲಿಸಿತು. ಹೆಬ್‌ಮ್ಯುಲರ್ ಎಂಬವರಿಗೆ ಫೋಕ್ಸ್‌ವ್ಯಾಗನ್‌ನ ಅಧಿಕೃತ ಗುತ್ತಿಗೆ ಸಿಕ್ಕಿತ್ತು. 1949ರ ಜುಲೈನಲ್ಲಿ ಕಾರ್ಖಾನೆಗೆ ಬೆಂಕಿ ಬಿದ್ದು ಸುಮಾರು ಏಳುನೂರು ಕಾರಿಗೇ ಆ ಕತೆ ನಿಂತಿತು. ಹಾಗಾಗಿ ಚಾಸಿಯೊಂದು ಸಿಕ್ಕರೆ ಎಲ್ಲ ಸಿಕ್ಕಂತೆ ಎಂದೂ ನಾನು ಹೇಳುತ್ತಿಲ್ಲ. ಗೆದ್ದವರು ಪೋರ್ಶೆ. 1948ರಲ್ಲಿ ಆಸ್ಟ್ರಿಯಾದ ಗ್ಮುಂಡ್ ಎಂಬ ಹಳ್ಳಿಯಲ್ಲಿ ಅವರು ತಮ್ಮ ಹೆಸರಿನ ಮೊದಲ ಕಾರುಗಳನ್ನು ಕಟ್ಟಿದಾಗ ಅದೂ ಅಲ್ಯುಮಿನಿಯಂ ತಗಡನ್ನು ಕೈಯಲ್ಲಿ ಬಡಿಯುವ ಕೆಲಸವೇ, ಅಲ್ಲೂ ಬಳಸಿದ್ದು ಬೀಟಲ್‌ನ ಬಿಡಿಭಾಗಗಳನ್ನೇ. ಆದರೆ ಅದೇ ವರ್ಷ ಫೋಕ್ಸ್‌ವ್ಯಾಗನ್ ಜೊತೆ ಅವರಿಗೆ ಒಪ್ಪಂದವಾಯಿತು, ಭಾಗಗಳು ಬರುವ ಭರವಸೆ ಸಿಕ್ಕಿತು. ಬೀಟಲ್‌ನ ವಿನ್ಯಾಸವೇ ಅಪ್ಪ ಪೋರ್ಶೆಯದು, ಮಗನಿಗೆ ಆ ಬಾಗಿಲು ತೆರೆದಿತ್ತು. ಅವರು 356 ಎಂಬ ಆ ಕಾರಿಗೆ ಚೌಕಟ್ಟನ್ನು ತಾವೇ ಮಾಡಿಕೊಂಡರು, ಎಂಜಿನ್ನನ್ನೂ ವರ್ಷದಿಂದ ವರ್ಷಕ್ಕೆ ತಿದ್ದಿ ತಮ್ಮದಾಗಿಸಿಕೊಂಡರು. ಇನ್ನೊಬ್ಬರ ತಳದಿಂದ ಹೊರಟು ಸ್ವಂತ ತಳಕ್ಕೆ ಇಳಿದವರು ಉಳಿದರು.

ಸಾಹಿತ್ಯದ ಪತ್ರಿಕೆಯಲ್ಲಿ ಇಷ್ಟು ಹೊತ್ತು ಕಾರಿನ ಮಾತೇಕೆ ಎಂದು ಓದುಗರು ಕೇಳಬಹುದು. ಇನ್ನೊಬ್ಬರ ಚಾಸಿಯ ಮೇಲೆ ಮೈ ಕಟ್ಟುವುದು ನಮ್ಮ ಕನ್ನಡದ ಹಳೆಯ ವಿದ್ಯೆ ಎಂಬುದೇ ನನ್ನ ಉತ್ತರ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ನಮ್ಮ ಕೊಪ್ಪಳವೂ ಒಂದು, ಕೊಪಣನಗರ ಎಂಬ ಹೆಸರಿನಲ್ಲಿ. ಆ ಗ್ರಂಥವೇ ದಂಡಿಯ ಕಾವ್ಯಾದರ್ಶದ ತಳದ ಮೇಲೆ ಕಟ್ಟಿದ್ದು. ಕನ್ನಡದ ಗುರುತು, ಒಳನುಡಿಗಳ ವಿವೇಕ, ದೇಸಿಯ ಬೆಡಗು ಮೇಲಿನ ಮೈಗೆ ಸೇರಿದವು. 941ರ ವಿಕ್ರಮಾರ್ಜುನ ವಿಜಯದ ಕೆಳಗೆ ವ್ಯಾಸರ ಭಾರತವಿದೆ. ಗದುಗಿನ ಕುಮಾರವ್ಯಾಸನ ಹತ್ತು ಪರ್ವಗಳ ಕೆಳಗೂ ಅದೇ. ಈ ಕಾರಣಕ್ಕೆ ಇವರನ್ನು ಯಾರೂ ಅನುವಾದಕರೆಂದು ಕಡೆಗಣಿಸುವುದಿಲ್ಲ. ಹಾಗಾಗಿ ರೊಮೆಟ್ಶ್‌ನ ಕಾರು ‘ಬರೀ ಬೀಟಲ್’ ಎಂದು ತಳ್ಳಿಹಾಕುವ ವಿಮರ್ಶೆಯೂ ನಮಗೆ ಬೇಡ.

ಆದರೆ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ವ್ಯಾಸಭಾರತವೆಂಬ ಚಾಸಿ ಯಾರ ಗೋದಾಮಿನಲ್ಲೂ ಬೀಗ ಹಾಕಿಕೊಂಡು ಇರಲಿಲ್ಲ. ಪಂಪ ತೆಗೆದುಕೊಂಡ, ರನ್ನ ಅದರದೊಂದು ಭಾಗ ತೆಗೆದುಕೊಂಡ, ಕುಮಾರವ್ಯಾಸ ತೆಗೆದುಕೊಂಡ. ಒಬ್ಬ ತೆಗೆದುಕೊಂಡದ್ದರಿಂದ ಇನ್ನೊಬ್ಬನಿಗೆ ಕಡಿಮೆಯಾಗಲಿಲ್ಲ. ಪಂಪನಿಗೆ ಕಟ್ಟು ಇದ್ದದ್ದು ಬೇರೆ ಕಡೆ. ಅನ್ನ ಕೊಟ್ಟ ಅರಿಕೇಸರಿಯನ್ನು ಅರ್ಜುನನಲ್ಲಿ ಕೂರಿಸಬೇಕಾಯಿತು, ಆ ಭಾರಕ್ಕೆ ಕತೆಯ ಅಚ್ಚು ಕೆಲವು ಕಡೆ ಬಾಗಿತು. ಅರಮನೆಯ ನೆರಳಿಲ್ಲದೆ ವೀರನಾರಾಯಣನ ಗುಡಿಯಲ್ಲಿ ಕೂತು ಬರೆದ ಕುಮಾರವ್ಯಾಸನಿಗೆ ಆ ಭಾರವಿರಲಿಲ್ಲ. ಒಬ್ಬನ ಕೃತಿಗೆ ಏನು ಸಾಧ್ಯವಾಯಿತು, ಏನು ಸಾಧ್ಯವಾಗಲಿಲ್ಲ ಎಂದು ಅಳೆಯುವಾಗ ಪ್ರತಿಭೆಯ ಜೊತೆಗೆ ಕೇಳಬೇಕಾದ ಪ್ರಶ್ನೆಯೆಂದರೆ ಅವನ ತಳ ಯಾರ ವಶದಲ್ಲಿತ್ತು ಎಂಬುದು.

ಈ ಪ್ರಶ್ನೆಯನ್ನು ಇಟ್ಟುಕೊಂಡು ನಮ್ಮ ಸುತ್ತ ನೋಡಿದರೆ ಕೆಲವು ವಿಷಯ ಬೇರೆಯಾಗಿ ಕಾಣುತ್ತವೆ. 1990ರ ದಶಕದ ಕೊನೆಗೆ ಬೆಂಗಳೂರಿನ ಸ್ಯಾನ್ ಸಂಸ್ಥೆ ‘ಸ್ಟಾರ್ಮ್’ ಎಂಬ ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು ತಂದಿತು. ಫೈಬರ್ ಮೈ, ಗೋವಾದಲ್ಲಿ ತಯಾರಿ, ಫ್ರಾನ್ಸಿನ ವಿನ್ಯಾಸ, ರೆನೋ ಎಂಜಿನ್. ಅದನ್ನು ರಸ್ತೆಯಲ್ಲಿ ಕಂಡವರು ಬಹಳ ಕಡಿಮೆ. ಅದು ಓಡಲಿಲ್ಲವೆಂದು ನಕ್ಕವರು ಇದ್ದಾರೆ. ಆದರೆ ಎಂಜಿನ್ ದೂರದ ದೇಶದಿಂದ ಬರಬೇಕಾದ ಕಾರು ಎಷ್ಟು ಅಗ್ಗವಾಗಬಹುದಿತ್ತು, ಎಷ್ಟು ದಿನ ಬಾಳಬಹುದಿತ್ತು ಎಂಬ ಲೆಕ್ಕ ಮಾಡಿದವರು ವಿರಳ.

ಕೊಪ್ಪಳದ ಪಕ್ಕದ ಕಿನ್ನಾಳಕ್ಕೆ ಬನ್ನಿ. ಅಲ್ಲಿನ ಚಿತ್ರಗಾರರ ಮನೆಗಳಲ್ಲಿ ಹಗುರ ಮರದ ಬೊಂಬೆಗಳು, ಗೌರಿ, ಜಾತ್ರೆಗೆ ಬೇಕಾದ ದೇವರ ವಾಹನಗಳು ತಯಾರಾಗುತ್ತವೆ. ಮರದ ತುಂಡುಗಳನ್ನು ಕೂಡಿಸಿ, ಗೋಣಿನಾರಿನ ಪುಡಿಗೆ ಹುಣಸೆಬೀಜದ ಅಂಟು ಕಲಸಿದ ಕಿಟ್ಟದಿಂದ ಕೀಲುಗಳನ್ನು ಮುಚ್ಚಿ, ಮೇಲೆ ಬಣ್ಣ ಹಾಕುತ್ತಾರೆ. ಕಾರ್ಮನ್‌ನವರು ಲೋಹದಿಂದ ಬೆಸುಗೆ ಮುಚ್ಚಿ ತಿಕ್ಕುತ್ತಿದ್ದ ಕೆಲಸಕ್ಕೂ ಇದಕ್ಕೂ ಕೈಯ ಮಟ್ಟದಲ್ಲಿ ಅಂಥ ಅಂತರವೇನಿಲ್ಲ. ಕಿನ್ನಾಳದ ಬೊಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಆ ಮಾನ್ಯತೆ ಕಾಯುವುದು ಹೆಸರನ್ನು, ಮೈಯನ್ನು. ತಳ ಅದರಲ್ಲಿಲ್ಲ. ಹಗುರ ಮರ ಎಲ್ಲಿಂದ ಬರುತ್ತದೆ, ಯಾವ ಬೆಲೆಗೆ ಬರುತ್ತದೆ, ಮಾಡಿದ್ದನ್ನು ಯಾರ ಅಂಗಡಿಯಲ್ಲಿ ಯಾರು ಮಾರುತ್ತಾರೆ ಎಂಬುದು ಚಿತ್ರಗಾರರ ಕೈಯಲ್ಲಿ ಇರುವವರೆಗೆ ಕಸುಬು ಇರುತ್ತದೆ. ನಾವು ಬರೆಯುವ ಲೇಖನಗಳಲ್ಲಿ ಮುದುಕ ಕಲಾವಿದನ ನಡುಗುವ ಬೆರಳಿಗೆ ಎರಡು ಪ್ಯಾರಾ ಇರುತ್ತದೆ, ಮರದ ಬೆಲೆಗೆ ಒಂದು ಸಾಲೂ ಇರುವುದಿಲ್ಲ. ಇದು ಬರಹಗಾರರಾಗಿ ನಮ್ಮ ಸೋಮಾರಿತನ. ಇಂಥ ಲೇಖನಗಳನ್ನು ನಾನೂ ಮೆಚ್ಚಿದ್ದೇನೆ, ಆದ್ದರಿಂದ ಇದರಲ್ಲಿ ನನ್ನ ಪಾಲೂ ಇದೆ.

ರೊಮೆಟ್ಶ್‌ನ ಕೆಲಸದಲ್ಲಿ ನನಗೆ ಅತ್ಯುತ್ತಮವೆನಿಸುವುದು ಯಾವುದು ಎಂದು ಕೇಳಿದರೆ ನಾನು ಬಾಳೆಹಣ್ಣನ್ನು ಹೇಳುವುದಿಲ್ಲ. ಅವರು 1950ರ ದಶಕದಲ್ಲಿ ಇನ್ನೊಂದು ಕೆಲಸ ಮಾಡಿದ್ದರು. ಬೀಟಲ್‌ಗೆ ಎರಡೇ ಬಾಗಿಲು. ಹಿಂದೆ ಕೂರುವವರು ಮುಂದಿನ ಸೀಟು ಮಡಚಿ ನುಸುಳಬೇಕು, ಟ್ಯಾಕ್ಸಿಗೆ ಅದು ಆಗದ ಮಾತು. ರೊಮೆಟ್ಶ್‌ನವರು ಬೀಟಲ್ಲನ್ನು ನಡುವೆ ಉದ್ದ ಮಾಡಿ, ನಾಲ್ಕು ಬಾಗಿಲಿಟ್ಟು ಟ್ಯಾಕ್ಸಿ ಕಟ್ಟಿಕೊಟ್ಟರು. ನೋಡಲು ಅದು ಎಳೆದು ಉದ್ದ ಮಾಡಿದ ಹಾಗೆ ಕಾಣುತ್ತದೆ, ಚೆಲುವಿನ ಪುಸ್ತಕಗಳಲ್ಲಿ ಅದಕ್ಕೆ ಜಾಗ ಕಡಿಮೆ. ಆದರೆ ಅಲ್ಲಿ ಮೈಯಷ್ಟೇ ಅಲ್ಲ, ಚಾಸಿಯೂ ಬದಲಾಗಿದೆ. ಇನ್ನೊಬ್ಬರು ಕೊಟ್ಟ ತಳವನ್ನೇ ಕತ್ತರಿಸಿ ತಮ್ಮ ಊರಿನ ಅಗತ್ಯಕ್ಕೆ ಹೊಂದಿಸಿದ್ದಾರೆ. ರೂಪ ಸುಳ್ಳು ಹೇಳುವುದಿಲ್ಲ, ಟ್ಯಾಕ್ಸಿ ಟ್ಯಾಕ್ಸಿಯ ಹಾಗೆಯೇ ಇದೆ. ನಮ್ಮ ಭತ್ತದ ಸೀಮೆಯ ಗ್ಯಾರೇಜಿನವರು ಮೂಟೆಯ ಅಳತೆಗೆ ತಕ್ಕಂತೆ ಲಾರಿಯ ಬದಿ ಎತ್ತರಿಸುವುದು, ಗದ್ದೆಯ ಕೆಸರಿಗೆ ತಕ್ಕಂತೆ ಟ್ರೇಲರ್ ಬಲಪಡಿಸುವುದು ಇದೇ ಜಾತಿಯ ಕೆಲಸ.

1961ರ ಆಗಸ್ಟ್ 13ರಂದು ಬರ್ಲಿನ್ನಿನ ನಡುವೆ ಗೋಡೆ ಏಳತೊಡಗಿತು. ರೊಮೆಟ್ಶ್‌ನ ಕೆಲಸಗಾರರಲ್ಲಿ ಅನೇಕರ ಮನೆ ಪೂರ್ವ ಬರ್ಲಿನ್ನಿನಲ್ಲಿತ್ತು. ಅವರು ಮತ್ತೆ ಕೆಲಸಕ್ಕೆ ಬರಲಾಗಲಿಲ್ಲ. ಚಾಸಿ ಮೊದಲೇ ಇನ್ನೊಬ್ಬರದಾಗಿತ್ತು, ಈಗ ಕೈಗಳೂ ಆಚೆ ಉಳಿದವು. ಕಾರು ಕಟ್ಟುವುದು ನಿಂತು ಸಂಸ್ಥೆ ರಿಪೇರಿ ಕೆಲಸಕ್ಕೆ ಹೊರಳಿತು.

ಈಗ ಗಂಗಾವತಿಯ ರಸ್ತೆಯಲ್ಲಿ ಬರಿಮೈಯ ಚಾಸಿ ಕಾಣುವುದು ಕಡಿಮೆಯಾಗಿದೆ. ಕಂಪನಿಗಳು ಕ್ಯಾಬಿನ್ನು, ಎಷ್ಟೋ ಸಲ ಇಡೀ ಬಾಡಿಯನ್ನೂ ತಾವೇ ಕಟ್ಟಿ ಕಳಿಸುತ್ತವೆ. ಡ್ರೈವರ್‌ಗೆ ಅದರಿಂದ ಒಳ್ಳೆಯದೇ ಆಗಿದೆ, ಬಿಸಿಲಲ್ಲಿ ಬೇಯಬೇಕಿಲ್ಲ. ಆ ಗ್ಯಾರೇಜುಗಳ ಬಗ್ಗೆ ನಾಳೆ ಯಾರಾದರೂ ವಿದ್ಯಾರ್ಥಿ ಬರೆಯಲು ಕೂತರೆ ‘ಯಂತ್ರದ ಮುಂದೆ ಕೈ ಸೋತಿತು’ ಎಂದು ಶುರುಮಾಡದಿರಲಿ ಎಂಬುದು ನನ್ನ ಕೋರಿಕೆ. ಆ ಬಡಗಿ, ಆ ತಗಡಿನವನು ಈಗ ಏನು ಕಟ್ಟುತ್ತಿದ್ದಾರೆ, ಅದರ ತಳ ಯಾರಿಂದ ಬರುತ್ತದೆ, ಎಷ್ಟಕ್ಕೆ ಬರುತ್ತದೆ ಎಂದು ಮೊದಲು ಹೋಗಿ ಕೇಳಿಬರಲಿ.